ಒಂಬತ್ತು ಕಥೆ ನುಂಗಿ ಕೂತ ಡ್ರೈವ್ ಮಹಾಶಯರಿಗೆ

ಮಾನ್ಯ ಹಾರ್ಡ್ ಡಿಸ್ಕ್ ರೆಕಾರ್ಡರಿನ ಡ್ರೈವ್ ಮಹಾಶಯರೇ,

ನಮ್ಮ ಇಸ್ತ್ರಿ ಮೇಜಿನ ಮೇಲೆ ತಮ್ಮನ್ನು ಕೂರಿಸಿದಂದಿನಿಂದ ತಮ್ಮ ಘನತೆಗೆ ಕುಂದು ಬರುವ ಒಂದು ಮಾತನ್ನೂ ಆಡದ ನಾನು, ತಾವು ಕ್ಷೇಮವೆಂದು ಭಾವಿಸಿ, ಅಲ್ಲವೆಂದು ಚೆನ್ನಾಗಿ ತಿಳಿದೂ, ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಮೈಕಿನ ಮುಂದೆ ಕೂತು ಬಸ್ಸುಗಳನ್ನೆಲ್ಲ ಗದರಿ ಹೊರಡಿಸಿದ ನಮ್ಮ ದೊಡ್ಡಮ್ಮನಿಗೆ ಗಂಟಲಿನ ಆಪರೇಷನ್ ಆಗಲೇಬೇಕು, ಆಮೇಲೆ ದನಿ ಇರುವುದಿಲ್ಲ ಎಂದು ವೈದ್ಯರು ಹೇಳಿದಾಗ, ಅವರು ಆರು ವರ್ಷದ ಮೊಮ್ಮಗಳಿಗಾಗಿ ಒಂಬತ್ತು ಕಥೆಗಳನ್ನು ಆರಿಸಿ, ಆಸ್ಪತ್ರೆಗೆ ಹೊರಡುವ ದಿನ ಬೆಳಿಗ್ಗೆ ತಮ್ಮ ಸನ್ನಿಧಿಯಲ್ಲಿ ಓದಿದರು. ಬೇರೆ ಸದ್ದು ಬೀಳದಂತೆ ಕಿಟಕಿಗೆ ಹಾಸಿಗೆ ಒರಗಿಸಿ, ಫ್ಯಾನ್ ನಿಲ್ಲಿಸಿ ಬೆವರುತ್ತ ಕೂತ ನಾನು, ಓದಿನ ಲಯ ಕೆಡಬಾರದೆಂದು ತಮ್ಮನ್ನು ನಡುವೆ ಒಮ್ಮೆಯೂ ನಿಲ್ಲಿಸಲಿಲ್ಲ. ಒಂಬತ್ತನೆಯದು ಮುಗಿದು, ಹೊರಗೆ ಕಾರು ಹಾರ್ನ್ ಹೊಡೆಯುತ್ತಿದ್ದ ಗಡಿಬಿಡಿಯಲ್ಲಿ ಕರೆಂಟು ಹೋಯಿತು. ಅದು ಹೇಗೆ ಹೋಯಿತೆಂಬುದು ಇಲ್ಲಿ ಅಪ್ರಸ್ತುತ.

ದೊಡ್ಡಮ್ಮ ಗುಣವಾದರು, ದನಿ ಹೋಯಿತು. ಬಂದು ನೋಡಿದರೆ ತಾವು ಖಾಲಿ! 'ನಿಲ್ಲಿಸು' ಗುಂಡಿ ಒತ್ತಿದ ಮೇಲಷ್ಟೇ ಯಾವ ದನಿಯನ್ನು ಎಲ್ಲಿಟ್ಟಿರೆಂಬ ಪಟ್ಟಿಯನ್ನು ತಾವು ಬರೆದುಕೊಳ್ಳುವುದೆಂದು ರಿಪೇರಿಯವರು ತಿಳಿಸಿದರು. ಅಬ್ಬಾ, ಎಂಥ ಶಿಸ್ತು! ಸಹಿ ಬೀಳದ ಕಡತ ಇಲ್ಲವೇ ಇಲ್ಲವೆನ್ನುವ ತಮ್ಮಂಥವರು ದೊಡ್ಡ ಕಚೇರಿಯಲ್ಲಿ ಬಡ್ತಿಯ ಮೇಲೆ ಬಡ್ತಿ ಪಡೆಯಬೇಕಿತ್ತು, ನಮ್ಮ ಮನೆಗೆ ಬಂದು ಹಾಳಾದಿರಿ.

ರಿಪೇರಿಯವರು ಹನ್ನೊಂದು ದಿನ ಹೆಡ್‌ಫೋನ್ ಸಿಕ್ಕಿಸಿಕೊಂಡು ತಮ್ಮ ಹೊಟ್ಟೆಯೊಳಗಿನ ಚೂರುಗಳನ್ನು ಒಂದೊಂದಾಗಿ ಕೇಳಿ ಹೊಲಿದರು. "ಏನ್ ಮಾಡ್ಲಿ ಸಾರ್, ಒಂದು ಕಥೇಲಿ ಕುದುರೆ ಹತ್ತಿದ ರಾಜ ಇನ್ನೊಂದು ಕಥೇಲಿ ಇಳೀತಾನೆ" ಎಂದು ಕೈಚೆಲ್ಲಿದರು. ಒಂದೇ ಒಂದು ಕಥೆಯನ್ನೂ ಪೂರ್ತಿ ಕೊಡದ ತಾವು, ಕೊನೆಯ ಒಂದು ಮಾತನ್ನು ಮಾತ್ರ ನಿಲ್ದಾಣದ ಗತ್ತಿನ ಸಮೇತ, ಒಂದಕ್ಷರ ಸವೆಯದಂತೆ ಕಾಪಾಡಿದ್ದಿರಿ: "ಲೋ ಪೆದ್ದಪ್ಪ, ಹೋಗೋವಾಗ ಮೇನ್ ಆಫ್ ಮಾಡೋದು ಮರೀಬೇಡ!" ಹಿಂದೆಯೇ ನನ್ನ ವಿಧೇಯ "ಹೂಂ ದೊಡ್ಡಮ್ಮ," ನನ್ನ ಚಪ್ಪಲಿಯ ಸದ್ದು, ಆಮೇಲೆ ಏನೂ ಇಲ್ಲ.

ಹೌದು ಸ್ವಾಮಿ, ಕೊನೆಗೆ ಹೊರಡುವವರು ಮೇನ್ ಸ್ವಿಚ್ ಆರಿಸಬೇಕೆಂಬುದು ನಮ್ಮ ಮನೆಯ ಕಾಯಿದೆ. ಸಾಕ್ಷಿ ನುಡಿಯಲು ತಮಗೆ ಅದೇ ವಾಕ್ಯ ಬೇಕಿತ್ತೆ? ಅಂಗಡಿಯ ಸ್ಟೂಲಿನ ಮೇಲೆ ಕೂತು ಅದನ್ನು ಕೇಳಿ ನಾನು ಗಳಗಳನೆ ಅತ್ತುಬಿಟ್ಟೆ. ಇನ್ನೆಂದೂ ಆ ಬೈಗುಳ ಕೇಳಲಾರೆನೆಂದುಕೊಂಡಿದ್ದೆ.

ಮೊಮ್ಮಗಳಿಗಂತೂ ರಾಜನೂ ಬೇಡ, ಕುದುರೆಯೂ ಬೇಡ. ಶಾಲೆಯಿಂದ ಬಂದವಳೇ ಅದೊಂದನ್ನು ಹತ್ತು ಸಲ ಹಾಕಿ ನಗುತ್ತಾಳೆ. ದೊಡ್ಡಮ್ಮ ಅದನ್ನು ಫೋನಿಗೆ ಹಾಕಿಸಿಕೊಂಡು, ನಾನು ಹೊಸ್ತಿಲು ದಾಟಿದಾಗಲೆಲ್ಲ ಗುಂಡಿ ಒತ್ತಿ ಗದರಿಸುತ್ತಾರೆ. ಆದಕಾರಣ ತಾವು ಬಿಡುವಾದಾಗ ಒಂಬತ್ತು ಕಥೆಗಳನ್ನು ಜ್ಞಾಪಿಸಿಕೊಂಡು ಹಿಂದಿರುಗಿಸಬೇಕೆಂದೂ, ನನ್ನ ಆ "ಹೂಂ" ಅನ್ನು ಖಾಯಮ್ಮಾಗಿ ಮರೆಯಬೇಕೆಂದೂ ಪ್ರಾರ್ಥಿಸುತ್ತೇನೆ.

ತಮ್ಮನ್ನು ಇನ್ನೆಂದೂ ನಂಬದ,
ತಮ್ಮ ವಿಶ್ವಾಸಿ,
ಪೆದ್ದಪ್ಪ

ವಿ.ಸೂ.: ಇದು ಎರಡನೇ ಸಲ ಬರೆದ ಪತ್ರ. ಕಂಪ್ಯೂಟರಿನಲ್ಲಿ ಮೊದಲನೆಯದು ಮುಗಿಯುವಷ್ಟರಲ್ಲಿ ಒಳಗಿನಿಂದ ದೊಡ್ಡಮ್ಮನ ದನಿ ಕೇಳಿಸಿತು. ಎದ್ದುಹೋಗಿ ಮೇನ್ ಆರಿಸಿ ಬಂದೆ. ಅದರಲ್ಲಿ ತಮ್ಮನ್ನು ಇನ್ನೂ ಚೆನ್ನಾಗಿ ಹೊಗಳಿದ್ದೆ.