ರಟ್ಟಿನ ಪುಸ್ತಕದಲ್ಲಿ ಭಾವನವರು

ಗಟ್ಟಿಯಾಗಿ ಓದು ಎಂದರೆ ನನ್ನ ದನಿ ಇನ್ನಷ್ಟು ಸಣ್ಣದಾಗುತ್ತದೆ. ವಿಜಯಪುರದ ಕಡೆಯ ನಮ್ಮೂರಿನ ಶಾಲೆಯಲ್ಲಿ ಪಾಠ ಓದಲು ಎಬ್ಬಿಸಿದಾಗಲೆಲ್ಲ ಮಾಸ್ತರರು, "ಇರುವಿಗೆ ಓದಿ ಹೇಳಾಕತ್ತೀ ಏನವ್ವಾ? ನಮಗೂ ಒಂದೀಟು ಕೇಳಸಲಿ" ಅನ್ನುತ್ತಿದ್ದರು. ಮದುವೆಯಾಗಿ ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದ ಮೇಲೆ ಇದ್ದಷ್ಟು ದನಿಯೂ ಬೇಕಾಗಲಿಲ್ಲ. ಮನೆಯಲ್ಲಿ ಮಾತಾಡುವ ಕೆಲಸವನ್ನು ನಿಮ್ಮ ಅಜ್ಜನೇ ನೋಡಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ಟಿವಿ ಅದನ್ನು ವಹಿಸಿಕೊಂಡಿತು. ಇಂಥ ನಾನು ನಿಮ್ಮಲ್ಲೊಬ್ಬನಿಗೆ ಮಾತು ಕಲಿಸಿದೆ ಎಂದು ಹೇಳಿಕೊಳ್ಳಲು ಹೊರಟಿದ್ದೇನೆ, ಮೊಮ್ಮಕ್ಕಳೇ. ನಂಬುವುದು ಬಿಡುವುದು ನಿಮ್ಮಿಷ್ಟ. ಒಂದಕ್ಷರವನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ.

ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನಾದ ಸಿದ್ದುವಿಗೆ ಎರಡು ತುಂಬಿದರೂ ಬಾಯಲ್ಲಿ ಮಾತಿರಲಿಲ್ಲ. ಕಿವಿ ಚೆನ್ನಾಗಿದೆ, ಚಿತ್ರದ ಪುಸ್ತಕ ತೋರಿಸುತ್ತ ಆಟವಾಡಿಸಿ ಎಂದರು ಡಾಕ್ಟರು. ಅವನ ಅಮ್ಮ, ನನ್ನ ಸೊಸೆ ವಿದ್ಯಾ, ಸೀವುಡ್ಸ್‌ನ ಮಾಲಿನಿಂದ ದಪ್ಪ ರಟ್ಟಿನ ಪ್ರಾಣಿಗಳ ಪುಸ್ತಕವೊಂದನ್ನು ತಂದಳು. ಅವಳೂ ನನ್ನ ಮಗನೂ ಬೇಲಾಪುರದ ಆಫೀಸಿಗೆ ಹೋದರೆ ಹಗಲೆಲ್ಲ ಮನೆಯಲ್ಲಿ ಉಳಿಯುವವರು ನಾನು ಮತ್ತು ಸಿದ್ದು, ಮಾತಾಡದ ಇಬ್ಬರು.

ಅಷ್ಟರಲ್ಲಿ ನನ್ನ ಭಾವನವರು, ಅಂದರೆ ನಿಮ್ಮ ಅಜ್ಜನ ಅಣ್ಣ, ಅಂಬರನಾಥದಿಂದ ಫೋನಿನಲ್ಲೇ ತೀರ್ಪು ಕೊಟ್ಟರು. "ಮನ್ಯಾಗ ಕನ್ನಡ, ಹೊರಗ ಮರಾಠಿ, ಟಿವ್ಯಾಗ ಹಿಂದಿ. ಕೂಸಿನ ನಾಲಿಗಿ ಯಾವ ಪ್ಲಾಟ್‌ಫಾರ್ಮಿಗೆ ಹೋಗಿ ನಿಲ್ಲಬೇಕು? ಮೊದಲ ಆ ಕನ್ನಡ ಬಂದ್ ಮಾಡ್ರಿ. ರವಿವಾರ ನಾನ ಬರ್ತೀನಿ." ಅವರ ಮಾತನ್ನು ಈ ಮನೆಯಲ್ಲಿ ಯಾರೂ ಮೀರಿದ್ದಿಲ್ಲ. ನನಗೆ ಮರಾಠಿ ಭಾಜಿ ಕೊಳ್ಳುವಷ್ಟು ಬರುತ್ತದೆ, ಕೂಸನ್ನು ಮುದ್ದಾಡುವಷ್ಟು ಬರುವುದಿಲ್ಲ. ಕನ್ನಡ ಬಂದ್ ಎಂದರೆ ನಾನೇ ಬಂದ್.

ಪುಸ್ತಕವೋ ಇಂಗ್ಲಿಷಿನದು. ಆಕಳು, ನಾಯಿ ನನಗೆ ಗೊತ್ತಿದ್ದವರೇ. ಆದರೆ ನಡುವಿನ ಪುಟದಲ್ಲಿ ಮಂಜುಗಡ್ಡೆಗೆ ಒರಗಿಕೊಂಡ ಒಂದು ಪ್ರಾಣಿಯಿತ್ತು: ಬೋಳು ತಲೆ, ಬಿರುಸು ಮೀಸೆ, ಕೆಳಗಿಳಿದ ಎರಡು ಕೋರೆಹಲ್ಲು, ಹೊಟ್ಟೆ ತುಂಬ ಉಂಡವರ ಮುಖ. ಅದರ ಹೆಸರು ಕೇಳಲು ಸೊಸೆಯೆದುರು ನಾಚಿಕೆ. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ದಿಟ್ಟಿಸಿದೆ. ಹೊಳೆಯಿತು. "ಇವರು ಭಾವ" ಎಂದೆ ಸಿದ್ದುವಿಗೆ.

ಭಾವನವರು ಯಾರ ಮನೆಗೆ ಹೋದರೂ ಬಾಗಿಲ ಹೊರಗೆ ನಿಂತು ಕೆಮ್ಮುತ್ತಾರೆ, ಒಳಗಿನ ಹೆಂಗಸರು ಸೆರಗು ಸರಿಮಾಡಿಕೊಳ್ಳಲಿ ಎಂದು. ಮದುವೆಯಾದಂದಿನಿಂದ ಅವರೆದುರು ನಾನು ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಿದವಳಲ್ಲ. ನಮ್ಮ ಆಟವೂ ಹಾಗೆಯೇ ಶುರುವಾಯಿತು. ಆ ಪುಟ ಬಂದೊಡನೆ ನಾನು ಕೆಮ್ಮುವುದು, ತಲೆಯ ಮೇಲೆ ನಾನು ಸೆರಗು, ಸಿದ್ದು ತನ್ನ ಟವೆಲ್ಲು ಎಳೆದುಕೊಳ್ಳುವುದು. "ಯಾರ ಬಂದ್ರು?" ಎಂದು ಕೇಳಿ ನಾನು ಕಾಯುತ್ತಿದ್ದೆ. ಸುಮ್ಮನೆ ಕಾಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅವನ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಕೊನೆಗೆ ನಾನೇ "ಭಾವಾ!" ಅನ್ನುತ್ತಿದ್ದೆ, ಅವನು ಬಿದ್ದು ಬಿದ್ದು ನಗುತ್ತಿದ್ದ.

ರವಿವಾರ ಬಂತು. ಬಾಗಿಲ ಹೊರಗೆ ಕೆಮ್ಮು ಕೇಳಿಸಿತು. ನಾನು ಸೆರಗು ಎಳೆದುಕೊಂಡೆ. ಸಿದ್ದು ಟವೆಲ್ಲು ಎಳೆದುಕೊಂಡ. ಭಾವನವರು ಒಳಗೆ ಕಾಲಿಟ್ಟರೋ ಇಲ್ಲವೋ, "ಭಾವಾ!" ಎಂದ, ಗಂಟೆ ಹೊಡೆದ ಹಾಗೆ.

ಭಾವನವರ ಹುಬ್ಬು ಮೇಲೇರಿತು. "ಏನಂದೀ? ಭಾವಾ? ರಿಕ್ಷಾ ಸ್ಟ್ಯಾಂಡಿನ ಹುಡುಗ್ರು ದೋಸ್ತಗ ಹಂಗ ಅಂತಾರ, 'ಕಾಯ್ ಭಾವಾ' ಅಂತ. ದೊಡ್ಡಜ್ಜಗ ಹಂಗ ಕರೀತಿ?" ಎಂದವರು, ಮರುಗಳಿಗೆಯೇ ಅರಳಿದರು. "ಆದ್ರೂ ನೋಡ್ರಿ, ಬಾಯಿಗೆ ಬಂದ ಮೊದಲನೇ ಮಾತ ಮರಾಠಿ! ನಾ ಹೇಳಿದ್ದು ಖರೆ ಆತಿಲ್ಲ?"

ವಿದ್ಯಾ ಕಣ್ಣೊರೆಸಿಕೊಳ್ಳುತ್ತ, "ಹೌದ್ರಿ ದೊಡ್ಡ ಮಾವಾರ, ಇವತ್ತಿಂದ ಬರೇ ಮರಾಠಿ. ಪಕ್ಕಾ" ಎಂದಳು.

ನಾನು ಸುಮ್ಮನಿದ್ದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಸಿದ್ದುವಿನ ಕನ್ನಡ ಹೋಗುತ್ತಿತ್ತು.

"ಅದು ಮರಾಠಿ ಅಲ್ರಿ" ಎಂದಿತು ಒಂದು ದನಿ. ಯಾರಪ್ಪಾ ಇದು ಎಂದು ಎಲ್ಲರ ಜೊತೆ ನಾನೂ ನೋಡಿದೆ. ನನ್ನದೇ. "ಕನ್ನಡ ಐತ್ರಿ ಅದು. ಭಾವ ಅಂದ್ರ ನೀವು. ನಾನ ಕಲಿಸೀನಿ."

"ನಾನು? ನನ್ನ ಎಲ್ಲಿ ತೋರಿಸಿದಿ ಅವಗ?"

ಸಿದ್ದು ಓಡಿ ಹೋಗಿ ಪುಸ್ತಕ ತಂದು, ಅವರ ತೊಡೆಯ ಮೇಲೆ ಆ ಪುಟವನ್ನೇ ಬಿಡಿಸಿಟ್ಟು, ಮೀಸೆಯ ಮೇಲೆ ಬೆರಳಿಟ್ಟ. ಭಾವನವರು ಕನ್ನಡಕ ಏರಿಸಿದರು. ಕೈ ತಾನಾಗಿಯೇ ಸ್ವಂತ ಮೀಸೆಗೆ ಹೋಯಿತು. ಮಗ ಕಿಟಕಿಯ ಕಡೆ ತಿರುಗಿದ. ವಿದ್ಯಾ ಚಹಾದ ನೆಪ ಮಾಡಿ ಒಳಗೆ ಓಡಿದಳು. ಅಲ್ಲಿ ಯಾವುದೋ ಪಾತ್ರೆ ಬಿದ್ದ ಸಪ್ಪಳ.

"ಹಲ್ಲೂ ನನ್ನಂಗ ಅದಾವೇನು?" ಎಂದರು ಭಾವನವರು.

"ಹಲ್ಲಲ್ರಿ, ಮೀಸಿ ಅಷ್ಟ" ಎಂದೆ. ಬಾಯಿ ತೆರೆದದ್ದಾಗಿತ್ತು, ತೆರೆದದ್ದನ್ನು ಮುಚ್ಚಿ ನನಗೆ ಅಭ್ಯಾಸವಿಲ್ಲ. "ಮರಾಠಿ ಓಣ್ಯಾಗ ಕಲೀತಾನ. ಹಿಂದಿ ಟಿವಿ ಕಲಸ್ತೈತಿ. ನನ್ನ ಮಾತು ನಾ ಕಲಸಲಿಲ್ಲಂದ್ರ ಇಲ್ಲೆ ಯಾರು ಕಲಸವರು? ನಾ ಕನ್ನಡದಾಗ ಓದಿ ಹೇಳಾಕಿನ."

ಭಾವನವರು ಚಹಾ ಕುಡಿದು ಎದ್ದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಆತು, ಓದ್ರಿ. ಆ ಪುಟ ಒಂದ ಬಿಟ್ಟು ಓದ್ರಿ" ಎಂದರು.

"ಬಿಡೂದಿಲ್ರಿ" ಎಂದೆ.

ಅವರು ಹೋದ ಮೇಲೆ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಸಿದ್ದುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಾಯಿ ತೆರೆದು ಗರ್ಜಿಸುವ ಸಿಂಹದ ಪುಟವನ್ನೇ ಬೇಕೆಂದು ಬಿಡಿಸಿ, "ಇದರಾಗ ಅಜ್ಜಿ ಎಲ್ಲಿ ಅದಾಳಪ್ಪಾ?" ಎಂದು ಕೇಳಿ ಕಾದೆ. ಅವನು ಸಿಂಹವನ್ನು ಮಗುಚಿದ. ಆನೆಯನ್ನು ಮಗುಚಿದ. ಗಲ್ಲ ಊದಿಸಿಕೊಂಡು ಕೂತ ಕಪ್ಪೆಯ ಮೇಲೆ ಬೆರಳಿಟ್ಟು, ಸ್ಪಷ್ಟವಾಗಿ "ಅಜ್ಜಿ" ಎಂದ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ, ಅವನ ಸ್ವಂತ ಬುದ್ಧಿ. ಆಗಲಿ. ಎಷ್ಟು ವಟಗುಟ್ಟಿದರೂ ಬೇರೆ ಭಾಷೆಯಲ್ಲಿ ವಟಗುಟ್ಟು ಎಂದು ಕಪ್ಪೆಗೆ ಯಾರೂ ಹೇಳುವುದಿಲ್ಲ.