ದೊರೆಯ ಕಂಬಳಿ

ಶನಿವಾರ ಸಂಜೆ ಗಂಡ ಹೆಂಡತಿ ಸಂತೆಗೆ ಹೋಗಿ ಬರುವಷ್ಟರಲ್ಲಿ ಯಾರೋ ಬಂದು ಅವರ ಕೋಣೆಯ ಹೊರಗೋಡೆಗೆ ಕೆಂಪು ಬಣ್ಣದಲ್ಲಿ ಅಡ್ಡಡ್ಡ ಎರಡು ಗೀಟು ಎಳೆದು ಹೋಗಿದ್ದರು. ಕತ್ತಲಲ್ಲಿ ಕಂಡಿರಲಿಲ್ಲ. ಭಾನುವಾರ ಬೆಳಿಗ್ಗೆ ಬೇವಿನ ಕಡ್ಡಿ ಬಾಯಲ್ಲಿಟ್ಟು ಹೊರಬಂದ ಕರಿಬಸಪ್ಪ, ಗೋಡೆ ನೋಡಿ ಕಡ್ಡಿ ಅಗಿಯುವುದನ್ನೇ ಮರೆತ.

ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ ಅದು. ತುಮಕೂರು ರಸ್ತೆಯ ಆಸುಪಾಸಿನವರಿಗೆ ಗೋಡೆಯ ಮೇಲಿನ ಕೆಂಪು ಗುರುತಿಗೆ ಒಂದೇ ಅರ್ಥ: ಇವತ್ತು ಬಣ್ಣ, ನಾಳೆ ಜೆಸಿಬಿ.

"ಚನ್ನಕ್ಕಾ, ನಮ್ಮ ಮನಿ ಕೆಡವಾಕತ್ಯಾರ!" ಎಂದು ಕೂಗಿದ.

ಚನ್ನಕ್ಕ ಸೌಟು ಹಿಡಿದೇ ಹೊರಗೆ ಬಂದಳು. ಯಲಬುರ್ಗಾ ಕಡೆಯಿಂದ ಬಂದ ಈ ದಂಪತಿ ಚಿಕ್ಕಬಾಣಾವರದ ಹಳೇ ದೊರೆ ಬಂಗಲೆ ಮತ್ತು ಅದರ ಸುತ್ತಲಿನ ಪಾರ್ಕನ್ನು ಎಂಟು ವರ್ಷದಿಂದ ಕಾಯುತ್ತಿದ್ದರು. ರೈಲುದಾರಿ ಹಾಕಿಸಿದ ಬಿಳಿ ದೊರೆಯ ಬಂಗಲೆ ಅದು. ಹಿತ್ತಿಲಲ್ಲಿ ಆ ಕಾಲಕ್ಕೆ ಸೌದೆ ಒಟ್ಟುತ್ತಿದ್ದ ಕೋಣೆಯೇ ಇವರ ಮನೆ. ಮಳೆ ಬಂದರೆ ಒಳಗೆ ಮೂರು ಪಾತ್ರೆ ಇಡಬೇಕು ನಿಜ. ಆದರೆ ಬಾಡಿಗೆಯಿಲ್ಲ, ಬಾಗಿಲ ಮುಂದೆ ಹೊಂಗೆ ಮರ. ಅದು ಹೋದರೆ ಈ ಊರಲ್ಲಿ ಅಂಥ ಇನ್ನೊಂದು ಸಿಗುವುದುಂಟೇ?

ಅವತ್ತು ಪಾರ್ಕಿನಲ್ಲಿ 'ನಮ್ಮೂರ ಇತಿಹಾಸ ಹಬ್ಬ'. ಶಾಮಿಯಾನ, ಮೈಕು, ಕೇಸರಿಬಾತಿನ ಘಮಘಮ, ಹೊಸ ಅಪಾರ್ಟ್‌ಮೆಂಟಿನವರು, ಹಳೇ ಊರಿನವರು, ಎಲ್ಲ ಸೇರಿ ಇನ್ನೂರು ಜನ. ಕರಿಬಸಪ್ಪ ಅವರ ಮಧ್ಯೆ ನುಗ್ಗಿ ಪಾರ್ಕ್ ಸಮಿತಿಯ ಕಾರ್ಯದರ್ಶಿ ಶ್ಯಾಮಲಾ ಮೇಡಂ ಮುಂದೆ ನಿಂತ.

"ಮೇಡಂ, ನಮ್ಮ ಖೋಲಿ ಗ್ವಾಡಿ ಮ್ಯಾಲ..."

"ಹ್ಞಾಂ, ನಾಳೆ ಬೆಳಿಗ್ಗೆನೇ ಆಳುಗಳು ಬರ್ತಾರೆ ಕರಿಬಸಪ್ಪ. ಸಾಮಾನೆಲ್ಲ ಹೊರಗಿಟ್ಟಿರಿ," ಎಂದ ಮೇಡಂ ಫೋನು ಕಿವಿಗಿಟ್ಟರು. ಫೋನಿನಲ್ಲಿ ಭಾಷಣಕ್ಕೆ ಬರಬೇಕಿದ್ದ ಪ್ರೊಫೆಸರು. ಒಂದು ಗಂಟೆಯಿಂದ ಟ್ರಾಫಿಕ್ಕಿನಲ್ಲಿ ಸಿಕ್ಕಿ ಇನ್ನೂ ಪೀಣ್ಯ ದಾಟಿರಲಿಲ್ಲ.

ಜನ ಆಗಲೇ ಕೇಸರಿಬಾತು ಮುಗಿಸಿ ಕುರ್ಚಿ ಎಳೆದಾಡತೊಡಗಿದ್ದರು. ಸಮಿತಿ ಅಧ್ಯಕ್ಷರು, ಹಳೇ ಊರಿನ ಜಮೀನುದಾರ ಕೃಷ್ಣಪ್ಪನವರು ಬೆವರು ಒರೆಸಿಕೊಂಡು, "ಲೇ ಕರಿಬಸಪ್ಪ, ಎಂಟ್ ವರ್ಸದಿಂದ ಇಲ್ಲೇ ಬಿದ್ದಿದ್ದೀಯಲ್ಲ. ಅವ್ರು ಬರೋಗಂಟ ನೀನೇ ಬಂಗ್ಲೆ ತೋರ್ಸ್ಲಾ!" ಎಂದರು.

ಕರಿಬಸಪ್ಪ ಬಂಗಲೆಯನ್ನು ಎರಡೇ ನಿಮಿಷದಲ್ಲಿ ತೋರಿಸಿದ. ಇದು ಪಡಸಾಲಿರಿ, ಇದು ಕಿಟಕಿರಿ, ಮುಗೀತ್ರಿ. ಜನ ಆಕಳಿಸಿದರು. ದೊರೆ ಬಾಳಿದ ಕೋಣೆ ಎಂದರೆ ಯಾರು ತಾನೇ ಕೆಡವುತ್ತಾರೆ? ಆಗ ಅವನಿಗೆ ಎಲ್ಲಿಲ್ಲದ ಧೈರ್ಯ ಬಂತು. ಕೈ ಬೀಸಿ ಕರೆದ.

"ಇದೇನ್ರಿ, ಬರೇ ತೋರಿಕಿಗೆ! ದೊರಿ ಖರೇನ ಇದ್ದದ್ದು ಹಿತ್ತಲ ಖೋಲ್ಯಾಗ. ಬರ್ರಿ!"

ಜನಸಾಗರ ಹಿತ್ತಿಲಿಗೆ ತಿರುಗಿದ್ದು ಕಂಡು ಚನ್ನಕ್ಕ ಗಾಬರಿಯಾಗಿ, ಕೆಂಪು ಗುರುತು ಕಾಣದಿರಲೆಂದು ಹಾಸಿಗೆಯ ಕಂಬಳಿ ತಂದು ಮೊಳೆಗೆ ಸಿಕ್ಕಿಸಿ ಗೋಡೆ ಮುಚ್ಚಿದಳು.

"ಬಂಗಲಿ ಕಟ್ಟೂತನಕ ದೊರಿ ಇಲ್ಲೇ ಮಲಗ್ತಿದ್ದ. ರೈಲಿನ ನಕ್ಷೆ ಬರದದ್ದೂ ಇದ ಹೊಸ್ತಿಲ ಮ್ಯಾಲ ಕುಂತು!" ಎಂದ ಕರಿಬಸಪ್ಪ.

"ಈ ಕಂಬಳಿ?" ಕ್ಯಾಮೆರಾದವನೊಬ್ಬ ಕೇಳಿದ.

ಕರಿಬಸಪ್ಪ ಹೆಂಡತಿಯ ಮುಖ ನೋಡಿದ. "ದೊರೀದ ರೀ," ಎಂದ.

ಅಷ್ಟೇ. ಟಪಟಪನೆ ಫೋಟೋಗಳು ಬಿದ್ದವು. ಮಜ್ಜಿಗೆ ಮಾರುವ ಭಾಗ್ಯಮ್ಮ ಗುಂಪು ಸೀಳಿಕೊಂಡು ಮುಂದೆ ಬಂದು, "ನಮ್ಮಜ್ಜಿ ಏಳ್ತಿದ್ಲು ಕಣ್ರವ್ವಾ! ದಿನಾ ಇದೇ ಬಾಗ್ಲಲ್ಲಿ ದೊರೆಗೆ ಮಜ್ಜಿಗೆ ಉಯ್ತಿದ್ಲಂತೆ!" ಎಂದಳು. ಕೃಷ್ಣಪ್ಪನವರು ಹಿಂದೆ ಬೀಳುವರೇ? ದೊರೆ ನಕ್ಷೆ ಬರೆಯುವಾಗ ಛತ್ರಿ ಹಿಡಿದು ನಿಂತದ್ದು ತಮ್ಮ ತಾತ ಎಂದು ಎದೆ ತಟ್ಟಿಕೊಂಡರು. ಮಧ್ಯಾಹ್ನದ ಹೊತ್ತಿಗೆ ದೊರೆಗೆ ಎಣ್ಣೆ ತಿಕ್ಕಿದವರ, ಕ್ಷೌರ ಮಾಡಿದವರ ಮೊಮ್ಮಕ್ಕಳೆಲ್ಲ ಸಿಕ್ಕಿದ್ದರು. ಕೇಳುತ್ತಾ ಕೇಳುತ್ತಾ ಕರಿಬಸಪ್ಪನಿಗೇ ತಾನು ಹೇಳಿದ್ದು ನಿಜವಿರಬಹುದೇ ಎನ್ನಿಸಿ ಮೈ ಜುಮ್ಮೆಂದಿತು.

ಕೃಷ್ಣಪ್ಪನವರು ಮೈಕು ಹಿಡಿದರು. "ಈ ಕೋಣೆಯ ಒಂದು ಇಟ್ಟಿಗೆಯನ್ನೂ ಯಾರೂ ಮುಟ್ಟುವಂತಿಲ್ಲ!"

ಚಪ್ಪಾಳೆಯೋ ಚಪ್ಪಾಳೆ. ಕರಿಬಸಪ್ಪನ ಕಣ್ಣು ಒದ್ದೆಯಾಯಿತು. ಚನ್ನಕ್ಕ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಮನೆ ಉಳಿಯಿತು! ಆದರೆ ಕೃಷ್ಣಪ್ಪನವರ ಮಾತು ಇನ್ನೂ ಮುಗಿದಿರಲಿಲ್ಲ.

"ಇವತ್ತಿನಿಂದಲೇ ಇದು ಮ್ಯೂಸಿಯಂ! ಒಳಗೆ ಯಾರೂ ವಾಸ ಮಾಡುವಂತಿಲ್ಲ. ಸಂಜೆಗೆ ಬೀಗ!"

ಕರಿಬಸಪ್ಪ ಓಡಿಹೋಗಿ ಅಧ್ಯಕ್ಷರ ಕಾಲು ಹಿಡಿದ. "ತಪ್ಪಾತ್ರಿ ಸಾಹೇಬ್ರ. ನಾ ಹೇಳಿದ್ದೆಲ್ಲಾ ಸುಳ್ಳರಿ. ದೊರಿ ಇಲ್ಲಿ ಮಲಗೇ ಇಲ್ಲರಿ!"

ಕೃಷ್ಣಪ್ಪನವರ ಮುಖ ಕೆಂಪೇರಿತು. "ಏನಂದೆ? ನಮ್ ತಾತ ಛತ್ರಿ ಇಡ್ದಿದ್ದು ಸುಳ್ಳಾ?"

"ನಮ್ಮಜ್ಜಿ ಮಜ್ಜಿಗೆ ಉಯ್ದಿದ್ದು ಸುಳ್ಳಾ?" ಎಂದು ಭಾಗ್ಯಮ್ಮ ಲೋಟ ಎತ್ತಿದಳು.

ಕರಿಬಸಪ್ಪ ಹಿಡಿದ ಕಾಲು ಬಿಟ್ಟು ಹಿಂದೆ ಸರಿದ.

ಅಷ್ಟರಲ್ಲಿ ಶ್ಯಾಮಲಾ ಮೇಡಂ, ಗಾಜಿನ ಪೆಟ್ಟಿಗೆಯಲ್ಲಿಡಲೆಂದು ಕಂಬಳಿಯನ್ನು ಎರಡೂ ಕೈಯಿಂದ ಮೆಲ್ಲಗೆ ಇಳಿಸಿದರು. ಹಿಂದಿನ ಕೆಂಪು ಗುರುತು ಕಂಡು ನಾಲಗೆ ಕಚ್ಚಿಕೊಂಡರು.

"ಅಯ್ಯೋ, ಇದನ್ನ ಅಳಿಸ್ಬೇಕು. ಮಳೇಲಿ ಸೋರತ್ತೆ ಅಂತ ನೀವು ಅರ್ಜಿ ಕೊಟ್ಟಿದ್ರಲ್ಲ ಕರಿಬಸಪ್ಪ, ಹೊಸ ಹೆಂಚು ಹಾಕೋಕೆ ಯಾವ ರೂಮು ಅಂತ ಆಳುಗಳಿಗೆ ತಿಳೀಲಿ ಅಂತ ನಾನೇ ಹಾಕ್ಸಿದ್ದೆ. ಒಂದು ಬಚ್ಚಲೂ ಕಟ್ಟಿಸ್ಕೊಡೋಣ ಅಂತಿದ್ವಿ. ಇನ್ನು ಆಗಲ್ಲ ಬಿಡಿ, ದೊರೆ ಇದ್ದ ಜಾಗ."

ಕರಿಬಸಪ್ಪ ಹೊಂಗೆ ಮರದ ಬುಡದಲ್ಲಿ ಕುಸಿದು ಕೂತ. ಚನ್ನಕ್ಕ ಒಂದು ಕೈಲಿ ರೊಟ್ಟಿ ಹಂಚು, ಇನ್ನೊಂದರಲ್ಲಿ ಗಂಟು ಹಿಡಿದು ಹೊರಗೆ ಬಂದು, ಮೇಡಂ ಕೈಯಲ್ಲಿದ್ದ ಕಂಬಳಿಗೆ ಕೈ ಚಾಚಿದಳು.

"ಮುಟ್ಬೇಡ ಕಣಮ್ಮಿ, ದೊರೆದು!" ಭಾಗ್ಯಮ್ಮ ಗದರಿದಳು.

ಚನ್ನಕ್ಕ ಗಂಡನ ಕಡೆ ತಿರುಗಿದಳು.

"ನಿಮ್ಮ ದೊರೀನ್ನ ಕೇಳ್ರಿ, ಇವತ್ತ ರಾತ್ರಿ ನಾವು ಏನು ಹೊಚ್ಚಗೋಬೇಕಂತ."