ಕಾಗಿನೆಲೆ ದಾರಿಯಲ್ಲಿ ತಾವು ಉಗುಳಿದ ಹೊಗೆಯ ಕುರಿತು

ಮಾನ್ಯ ಸ್ಕೂಟರ್ ಮಹಾಶಯರೇ,

ಬ್ಯಾಡಗಿ ಪೇಟೆಯಲ್ಲಿ ಬಳೆ ಅಂಗಡಿ ಇಟ್ಟುಕೊಂಡಿರುವ ಅಬ್ದುಲರಜಾಕನು ತಮ್ಮ ಹ್ಯಾಂಡಲ್ಲಿಗೆ ತಲೆಬಾಗಿ, ತಮ್ಮ ಸ್ಟೆಪ್ನಿಯ ಕ್ಷೇಮವನ್ನೂ ವಿಚಾರಿಸಿ ಮಾಡಿಕೊಳ್ಳುವ ಬಿನ್ನಹ. ನಾವೆಲ್ಲ ಇಲ್ಲಿ ಕ್ಷೇಮ. ತಾವು ಅಂಗಳದಲ್ಲಿ ಗೋಣಿಚೀಲ ಹೊದ್ದು ಕ್ಷೇಮವಾಗಿರುವುದು ಕಿಟಕಿಯಿಂದಲೇ ಕಾಣುತ್ತಿದೆ. ತಮ್ಮ ಹೊಗೆಯನ್ನು ಊರವರೆಲ್ಲ ಕುಡಿದಿರುವುದರಿಂದ ಈ ಪತ್ರವನ್ನೂ ಊರವರೆಲ್ಲ ಓದಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಾವು ಮರೆತಿರಲಾರಿರಿ, ನನ್ನ ಹೆಂಡತಿ ಹಸೀನಾಬಿಗೆ ಕಾಗಿನೆಲೆಯ ಶಾಲೆಯಲ್ಲಿ ಮಾಸ್ತರಿಕೆಯ ಆರ್ಡರ್ ಬಂದಿತ್ತು. ಸೋಮವಾರ ಮಧ್ಯಾಹ್ನದೊಳಗೆ ಹಾಜರಾಗದಿದ್ದರೆ ಆ ನೌಕರಿ ಪಟ್ಟಿಯಲ್ಲಿ ಮುಂದಿನವರ ಪಾಲಾಗುತ್ತಿತ್ತು. ಮದುವೆಯಾದಾಗಿನಿಂದ ಅವಳು ಬಾಯಿಬಿಟ್ಟು ಆಸೆಪಟ್ಟದ್ದು ಇದೊಂದನ್ನೇ. ನನ್ನ ತಾಯಿ ಖತೀಜಾಬಿಗೆ ಮಾತ್ರ ಇದು ಸರಿಬರಲಿಲ್ಲ. "ಸೊಸಿ ದುಡದ ತಂದ ಹಾಕೂವಂಥಾ ಕಾಲ ನಮಗೇನ ಬಂದೈತಿ?" ಎಂದು ಒಮ್ಮೆ ಕೇಳಿದವರು ಆಮೇಲೆ ಸೊಸೆಯೊಡನೆ ಮಾತನ್ನೇ ಬಿಟ್ಟಿದ್ದರು.

ಅಂಥ ದಿನ ತಾವು ಕೈಕೊಡಬಾರದೆಂದು ಭಾನುವಾರವೇ ತಮ್ಮನ್ನು ರಾಣೆಬೆನ್ನೂರಿಗೆ ಕರೆದೊಯ್ದು, ಮೇಸ್ತ್ರಿ ವಿರೂಪಾಕ್ಷಪ್ಪನ ಕೈಯಿಂದ ಹೊಸ ಪ್ಲಗ್, ಹೊಸ ಪಾಯಿಂಟ್, ಹೊಸ ಕಂಡೆನ್ಸರ್, ಹೊಸ ಕಾಯಿಲ್ ಹಾಕಿಸಿದೆ; ನನ್ನ ಮದುವೆಯಲ್ಲಿ ನನಗೂ ಇಷ್ಟು ಹೊಸದು ತೊಡಿಸಿರಲಿಲ್ಲ. "ಇನ್ನ ಒಂದ ಕಿಕ್ಕಿಗೆ ಸುರು ಆಗಲಿಲ್ಲಂದ್ರ ನನ್ನ ಹೆಸರ ಬದಲ ಮಾಡ್ರಿ ಸಾಹೇಬ್ರ" ಎಂದು ಅವನು ಎದೆ ತಟ್ಟಿಕೊಂಡ. ಸೋಮವಾರ ಬೆಳಿಗ್ಗೆ ತಾವೂ ಅವನ ಮಾತು ಉಳಿಸಿ ಒಂದೇ ಕಿಕ್ಕಿಗೆ ಎದ್ದಿರಿ. ಸ್ವಲ್ಪ ಹೊತ್ತು ಬಿಸಿ ಮಾಡಿ, ಆರಿಸಿ, ಚಹಾ ಕುಡಿದು ಬರುವಷ್ಟರಲ್ಲಿ ತಮ್ಮ ಮನಸ್ಸು ಅದು ಹೇಗೆ ಬದಲಾಯಿತೋ ಆಗ ನನಗೆ ತಿಳಿಯಲಿಲ್ಲ. ಒದ್ದು ಒದ್ದು ಸಾಕಾದ ಮೇಲೆ ತಾವು ಎದ್ದಿರಿ, ಕೆಮ್ಮಿದಿರಿ, ಹಸೀನಾಬಿಯನ್ನು ಹಿಂದೆ ಕೂರಿಸಿಕೊಂಡು ಏದುಸಿರು ಬಿಡುತ್ತ ಹೊರಟಿರಿ.

ಬಿಳಿ ಹೊಗೆ ಬಂದರೆ ಆಯಿಲ್ ಹೆಚ್ಚಾಗಿದೆ, ಕಪ್ಪು ಬಂದರೆ ಪೆಟ್ರೋಲು ಹೆಚ್ಚಾಗಿದೆ ಎಂಬಷ್ಟು ವಿದ್ಯೆ ಬಳೆ ಮಾರುವ ನನಗೂ ಇದೆ. ಆದರೆ ತಮ್ಮ ಹೊಗೆಯ ಬಣ್ಣ ನೋಡಲು ಕಣ್ಣು ತೆರೆದರೆ ತಾನೇ? ಇಡೀ ದಿನ ಮೆಣಸಿನಕಾಯಿ ಚೀಲ ಹೊರುವ ನಮ್ಮ ಪೇಟೆಯ ಹಮಾಲರೂ ತಾವು ಹಾದುಹೋದಾಗ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡರು. ನಮ್ಮೂರ ಮೆಣಸಿನಕಾಯಿಗೆ ಬಣ್ಣವೇ ಹೊರತು ಖಾರವಿಲ್ಲ ಎನ್ನುವ ಹೊರಗಿನ ವ್ಯಾಪಾರಿಗಳು ಅಂದು ತಮ್ಮ ಹಿಂದೆ ನಿಲ್ಲಬೇಕಿತ್ತು.

ಊರು ದಾಟಿ ಕಾಗಿನೆಲೆ ದಾರಿ ಹಿಡಿದ ಸ್ವಲ್ಪದರಲ್ಲೇ ತಾವು ಸಮಾಧಿಸ್ಥರಾದಿರಿ. ನಾನು ಪ್ಲಗ್ಗು ಬಿಚ್ಚಿ ಒರೆಸಿದೆ, ಪಾಯಿಂಟಿಗೆ ಪಾಲಿಶ್ ಕಾಗದ ಉಜ್ಜಿದೆ, ಹೊಸ ಕಾಯಿಲ್ ಸುಟ್ಟಿದ್ದರಿಂದಲೇ ಈ ವಾಸನೆ ಎಂದು ತೀರ್ಮಾನಿಸಿ ವಿರೂಪಾಕ್ಷಪ್ಪನಿಗೆ ಅಲ್ಲಿಂದಲೇ ಹೊಸ ಹೊಸ ಹೆಸರುಗಳನ್ನಿಟ್ಟೆ. ಹೊತ್ತು ಏರುತ್ತಿತ್ತು. ಕೊನೆಗೆ ದೂರದಲ್ಲಿ ಬಸ್ಸು ಕಂಡದ್ದೇ ಹಸೀನಾಬಿ ಕೈಯೊಡ್ಡಿ ನಿಲ್ಲಿಸಿ, "ನೀವು ಇದರ ಸೇವಾ ಮಾಡ್ಕೋತ ಕುಂದ್ರಿ, ನಾ ಹೊಂಟೆ" ಎಂದು ಹತ್ತಿಬಿಟ್ಟಳು. ಮಧ್ಯಾಹ್ನದ ಗಂಟೆ ಬಾರಿಸುವ ಮೊದಲೇ ಶಾಲೆ ಮುಟ್ಟಿದಳಂತೆ. ಕೆಂಡದಂತಾಗಿದ್ದ ಕಣ್ಣು, ಸುರಿಯುವ ಮೂಗು ನೋಡಿ ಮುಖ್ಯೋಪಾಧ್ಯಾಯ ಅಂದಾನೆಪ್ಪನವರು, "ಅಳಬ್ಯಾಡ್ರಿ ಅಕ್ಕೋರ, ನೌಕರಿ ಎಲ್ಲೂ ಓಡಿ ಹೋಗಂಗಿಲ್ಲ" ಎಂದು ನೀರು ಕೊಟ್ಟು ಸಹಿ ಹಾಕಿಸಿಕೊಂಡರಂತೆ. ಹೊಸ ಶಿಕ್ಷಕಿಗೆ ಇಷ್ಟು ಕರುಣೆ ದೊರಕಿಸಿಕೊಟ್ಟ ತಮ್ಮ ಉಪಕಾರ ದೊಡ್ಡದು.

ನಾನು ತಮ್ಮನ್ನು ತಳ್ಳಿಕೊಂಡೇ ಮನೆ ಮುಟ್ಟಿಸಿದೆ. ನಾನಿಟ್ಟ ಹೆಸರುಗಳು ಹೇಗೋ ಕಿವಿಗೆ ಬಿದ್ದು ಮರುದಿನ ವಿರೂಪಾಕ್ಷಪ್ಪ ಸಿಟ್ಟಿನಿಂದಲೇ ಬಂದ. ತಾನು ಹಾಕಿದ ಸಾಮಾನಿನಲ್ಲಿ ದೋಷವಿಲ್ಲ ಎಂದು ಕಿಡಿ ಹಾರಿಸಿ ತೋರಿಸಿದ. ಆಮೇಲೆ ಮಸಿ ಕಟ್ಟಿದೆಯೇನೋ ಎಂದು ತಮ್ಮ ಸೈಲೆನ್ಸರಿನ ಬಾಯಿಗೆ ತಂತಿ ತೂರಿಸಿ ಎಳೆದ. ಅರೆಸುಟ್ಟ ಅರಿವೆಯ ಗಂಟೊಂದು ಹೊರಬಿತ್ತು. ಒಳಗೆ ಹರಳುಪ್ಪು, ಕರಕಲಾದ ಮೆಣಸಿನಕಾಯಿ. ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ದೃಷ್ಟಿ ತಗದದ್ದನ್ನ ಬೆಂಕಿಗೆ ಹಾಕಬೇಕಲ್ಲೋ. ಚಹಾ ಕಾಸಿದ ಒಲಿ ಆರಿತ್ತು, ಸ್ಟೋವಿನ್ಯಾಗ ಎಣ್ಣಿ ಇರಲಿಲ್ಲ. ಇದರ ಕೊಳವಿ ಬಿಸಿ ಇತ್ತು, ತುರುಕಿದೆ."

"ಗಾಡಿಗೆ ಯಾರ ಕಣ್ಣ ತಾಗ್ತೈತಿ ಅಮ್ಮಾ?" ಎಂದೆ.

"ಗಾಡಿಗ್ಯಾಕ ತಗೀಲಿ? ಹಸೀನಾಗ ತಗದೆ, ಆಕಿ ಬಗ್ಗಿ ಚಪ್ಪಲಿ ಹಾಕ್ಕೊಳ್ಳೂವಾಗ. ನಮ್ಮ ಮನ್ಯಾಗ ನೌಕರಿಗೆ ಹೊಂಟ ಹೆಣಮಗಳು ಆಕೀನ ಮೊದಲ. ನಾಕ ಮಂದಿ ಕಣ್ಣ ಬಿದ್ದಿರತೈತಿ."

ನನಗೆ ಮೊದಲು ನಗುವೇ ಬಂತು. ಮಾತು ಬಿಟ್ಟ ಅತ್ತೆ ಸೊಸೆಯ ಬೆನ್ನ ಹಿಂದೆ ಉಪ್ಪು ಮೆಣಸಿನಕಾಯಿಯ ಮುಷ್ಟಿ ನಿವಾಳಿಸುತ್ತ ನಿಂತದ್ದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಅಮ್ಮನಿಗೆ ಮಾತ್ರ ಬೇರೆಯದೇ ಚಿಂತೆ. ಸುಟ್ಟ ಮೆಣಸಿನಕಾಯಿ ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಎಂದೇ ಲೆಕ್ಕವಲ್ಲವೇ? "ಘಾಟ ಬಂದಿತ್ತಿಲ್ಲೋ?" ಎಂದರು. ಊರಿಗೆಲ್ಲ ಬಂದಿತ್ತು ಎಂದೆ. "ಹಂಗಾರ ಯಾರ ಕಣ್ಣೂ ತಾಗಿಲ್ಲ. ಚಲೋ ಆತು" ಎಂದು ನೆಮ್ಮದಿಯಿಂದ ಒಳಗೆ ಹೋದರು.

ಆದ್ದರಿಂದ ಮಹಾಶಯರೇ, ತಮ್ಮ ಮೇಲಿನ ಆರೋಪಗಳನ್ನೆಲ್ಲ ಹಿಂದೆ ತೆಗೆದುಕೊಂಡು ಎರಡೇ ಕೋರಿಕೆ ಸಲ್ಲಿಸುತ್ತೇನೆ. ಇನ್ನು ಮುಂದೆ ಯಾರಾದರೂ ತಮ್ಮ ಹಿಂಬದಿಗೆ ಏನನ್ನಾದರೂ ತುರುಕಲು ಬಂದರೆ ದಯವಿಟ್ಟು ತಾವೇ ಹಾರ್ನ್ ಹೊಡೆಯುವುದು. ಮತ್ತು ಹೆಸರು ಬದಲಿಸದೆ ಉಳಿದ ವಿರೂಪಾಕ್ಷಪ್ಪನಿಗೆ ನನ್ನ ಪರವಾಗಿ ತಾವೇ ಕ್ಷಮೆ ಕೇಳುವುದು. ನನ್ನ ಮುಖ ನೋಡಲು ಅವನು ಸದ್ಯ ಒಪ್ಪುತ್ತಿಲ್ಲ.

ಕಿಕ್ ಹೊಡೆದು ಬಲಗಾಲು ಸೋತಿರುವ,
ತಮ್ಮ ವಿಶ್ವಾಸಿ,
ಅಬ್ದುಲರಜಾಕ, ಬ್ಯಾಡಗಿ

ತಾ.ಕ.: ಸೊಸೆ ಪಾಠ ಹೇಳುವುದನ್ನು ಕಣ್ಣಾರೆ ನೋಡಬೇಕೆಂದು ಅಮ್ಮ ನಾಳೆ ಅವಳ ಜೊತೆಗೇ ಕಾಗಿನೆಲೆಗೆ ಹೊರಟಿದ್ದಾರೆ. ಸ್ಕೂಟರಿನಲ್ಲಿ ಬಿಡುತ್ತೇನೆ ಎಂದರೆ ಒಪ್ಪಲಿಲ್ಲ. "ಬಸ್ಸಿಗೇ ಹೋಗ್ತೇವಿ ಬಿಡಪಾ, ಆ ಗಾಡಿ ಭಾಳ ಹೊಗಿ ಉಗುಳತೈತಿ" ಎಂದರು.